ಬಾರದ ಸಂದೇಶದ ಅರ್ಥವೇನು? ಚಲಿಸುವ ವಾಹನಗಳ ನಡುವಿನ ನಿಸ್ತಂತು ಜಾಲದ ತೊಡಕುಗಳು

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ವಿಭಾಗದ ಎಂಜಿನಿಯರಿಂಗ್ ವಿದ್ಯಾರ್ಥಿ. ವೇಗವಾಗಿ ಓಡುವ ರೈಲಿನಲ್ಲಿ ಕುಳಿತು ಮೊಬೈಲ್‌ನಲ್ಲಿ ವಿಡಿಯೊ ಕರೆ ಮಾಡಲು ಸಾಧ್ಯವಿರುವಾಗ, ನೂರು ಮೀಟರ್ ಅಂತರದಲ್ಲಿರುವ ಎರಡು ಕಾರುಗಳು ಕೆಲವೇ ನೂರು ಬೈಟ್‌ಗಳ ಸಂದೇಶವನ್ನು ನೇರವಾಗಿ ವಿನಿಮಯ ಮಾಡಿಕೊಳ್ಳುವುದು ಕಷ್ಟದ ಕೆಲಸವೆಂದು ಏಕೆ ಹೇಳುತ್ತಾರೆ? 5ಜಿ ಬಂದ ಮೇಲೂ ಈ ತೊಡಕು ಉಳಿಯುತ್ತದೆಯೇ?

ಉತ್ತರ: ಕಳಿಸಬೇಕಾದ ಮಾಹಿತಿ ಕಡಿಮೆಯಿದ್ದರೆ ಕೆಲಸ ಸುಲಭ, ಅಂತರವೂ ಕಡಿಮೆಯಿದ್ದರೆ ಇನ್ನೂ ಸುಲಭ ಎಂಬ ಊಹೆ ನಿಮ್ಮ ಪ್ರಶ್ನೆಯೊಳಗಿದೆ. ಮೊಬೈಲ್ ಜಾಲದ ಮಟ್ಟಿಗೆ ಅದು ಬಹುಪಾಲು ನಿಜ. ಆದರೆ ನಿಮ್ಮ ವಿಡಿಯೊ ಕರೆಯ ಒಂದು ತುದಿಯಲ್ಲಿ ಹತ್ತಾರು ಮೀಟರ್ ಎತ್ತರದ, ಅಲುಗಾಡದ ಟವರ್ ಇರುತ್ತದೆ. ಯಾವ ಫೋನ್ ಯಾವ ಕ್ಷಣದಲ್ಲಿ ಯಾವ ಆವರ್ತನದಲ್ಲಿ ಮಾತಾಡಬೇಕೆಂದು ಅದೇ ನಿರ್ಧರಿಸುತ್ತದೆ. ಕಳೆದುಹೋದ ತುಣುಕನ್ನು ಮತ್ತೆ ಕೇಳಿ ತರಿಸಿಕೊಳ್ಳಲಾಗುತ್ತದೆ. ಅಷ್ಟರಲ್ಲಿ ಆಗುವ ವಿಳಂಬವನ್ನು ಫೋನಿನ ಬಫರ್, ಅಂದರೆ ತಾತ್ಕಾಲಿಕ ಸಂಗ್ರಹ, ಮರೆಮಾಚುತ್ತದೆ. ಎರಡು ಕಾರುಗಳ ನಡುವೆ ಇವುಗಳಲ್ಲಿ ಒಂದೂ ಇಲ್ಲ. ಎರಡೂ ಆಂಟೆನಾಗಳು ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿವೆ, ಎರಡೂ ಓಡುತ್ತಿವೆ, ಸರದಿ ಹಂಚಿಕೊಡುವ ಯಜಮಾನನಿಲ್ಲ, ಮತ್ತು ಸಂದೇಶ ಹೋಗುವುದು ಒಬ್ಬರಿಗಲ್ಲದೆ ಸುತ್ತಲಿನ ಎಲ್ಲರಿಗೂ ಆದ್ದರಿಂದ ‘ತಲುಪಿತು’ ಎಂಬ ಸ್ವೀಕೃತಿಯನ್ನು ಯಾರೂ ಕಳಿಸುವುದಿಲ್ಲ.

ಆ ಸಂದೇಶದಲ್ಲಿ ಇರುವುದಾದರೂ ಏನು? ನಾನು ಇಲ್ಲಿದ್ದೇನೆ, ಇಷ್ಟು ವೇಗದಲ್ಲಿ ಈ ದಿಕ್ಕಿಗೆ ಹೋಗುತ್ತಿದ್ದೇನೆ, ಬ್ರೇಕ್ ಒತ್ತಿದ್ದೇನೆ ಅಥವಾ ಒತ್ತಿಲ್ಲ ಎಂಬಷ್ಟೇ. ಇದನ್ನು ಪ್ರತಿ ವಾಹನವೂ ಸೆಕೆಂಡಿಗೆ ಹತ್ತು ಬಾರಿಯವರೆಗೆ ಸಾರುತ್ತದೆ. ಗಂಟೆಗೆ 100 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುವುದರಿಂದ, ಹತ್ತನೇ ಒಂದು ಸೆಕೆಂಡು ಹಳೆಯದಾದ ಸಂದೇಶವೆಂದರೆ ಹೆಚ್ಚುಕಡಿಮೆ ಮೂರು ಮೀಟರ್ ಹಳೆಯದಾದ ಸಂದೇಶ. ಹಾಗಾಗಿ ಕಳೆದುಹೋದದ್ದನ್ನು ಮತ್ತೆ ಕಳಿಸುವುದರಿಂದ ಪ್ರಯೋಜನವೂ ಅಷ್ಟಕ್ಕಷ್ಟೇ. ನನ್ನ ಅಭಿಪ್ರಾಯದಲ್ಲಿ ಈ ಕ್ಷೇತ್ರದ ಮೂಲ ತೊಡಕು ಇರುವುದು ಇಲ್ಲಿಯೇ: ಬಂದ ಸಂದೇಶವನ್ನು ಪರೀಕ್ಷಿಸಬಹುದು, ತೂಗಿ ನೋಡಬಹುದು, ಆದರೆ ಸಂದೇಶ ಬಾರದೆ ಇದ್ದಾಗ, ಆ ದಿಕ್ಕಿನಲ್ಲಿ ವಾಹನವೇ ಇಲ್ಲವೋ, ಇದ್ದೂ ಅದರ ಮಾತು ನಮಗೆ ಕೇಳಿಸುತ್ತಿಲ್ಲವೋ ಎಂಬುದನ್ನು ತಿಳಿಯುವ ದಾರಿ ಸ್ವೀಕರಿಸುವ ವಾಹನಕ್ಕಿಲ್ಲ. ಮುಂದೆ ಹೇಳುವ ತಾಂತ್ರಿಕ ಸಮಸ್ಯೆಗಳನ್ನೆಲ್ಲ ಈ ಅನಿಶ್ಚಿತತೆಯನ್ನು ಹೆಚ್ಚಿಸುವ ಬೇರೆ ಬೇರೆ ಕಾರಣಗಳೆಂದು ಓದಿಕೊಳ್ಳಿ.

ಮೊದಲು ರೇಡಿಯೊ ಅಲೆಯ ವಿಚಾರ. ಹೆಚ್ಚಿನ ದೇಶಗಳಲ್ಲಿ ಈ ಸಂವಹನಕ್ಕೆ ಮೀಸಲಾಗಿರುವುದು 5.9 ಗಿಗಾಹರ್ಟ್ಸ್ ಆಸುಪಾಸಿನ ಪಟ್ಟಿ. ಅಲ್ಲಿ ಅಲೆಯುದ್ದ ಸುಮಾರು ಐದು ಸೆಂಟಿಮೀಟರ್. ಇಷ್ಟು ಚಿಕ್ಕ ಅಲೆಗಳು ಅಡ್ಡ ಬಂದ ವಸ್ತುವಿನ ಅಂಚಿನಲ್ಲಿ ಬಾಗಿ ಆಚೆಗೆ ಹೋಗುವುದು ಕಡಿಮೆ. ಲೋಹದ ಮೇಲ್ಮೈಗಳಿಂದ ಪ್ರತಿಫಲಿಸುವುದೇ ಹೆಚ್ಚು. ಎರಡು ಕಾರುಗಳ ನಡುವೆ ಎತ್ತರದ ಲಾರಿಯೊಂದು ಬಂದರೆ ಸಿಗ್ನಲ್ 10 ಡೆಸಿಬಲ್‌ಗೂ ಹೆಚ್ಚು ಕುಸಿಯಬಹುದು, ಅಂದರೆ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಶಕ್ತಿ ಉಳಿಯುತ್ತದೆ. ವಿಪರ್ಯಾಸವೆಂದರೆ, ಚಾಲಕನ ಕಣ್ಣಿಗಾಗಲಿ ಕ್ಯಾಮೆರಾಕ್ಕಾಗಲಿ ಕಾಣದ ವಾಹನವನ್ನು ತಿಳಿಸಬೇಕೆಂಬುದೇ ಈ ವ್ಯವಸ್ಥೆಯ ಉದ್ದೇಶವಾಗಿದ್ದು, ಕಾಣದಂತೆ ಮಾಡುವ ಅದೇ ಲಾರಿ ಮತ್ತು ಕೂಡುರಸ್ತೆಯ ಮೂಲೆಯಲ್ಲಿರುವ ಅದೇ ಕಟ್ಟಡ ರೇಡಿಯೊ ಅಲೆಗೂ ಅಡ್ಡಿಯಾಗುತ್ತವೆ. ಪೂರ್ತಿ ಅಡ್ಡಿಯಾಗುವುದಿಲ್ಲ ಎಂಬುದಷ್ಟೇ ಸಮಾಧಾನ: ಎದುರಿನ ಗೋಡೆಗಳಿಂದ ಪ್ರತಿಫಲಿಸಿದ ಒಂದಿಷ್ಟು ಶಕ್ತಿ ಮೂಲೆಯ ಆಚೆಗೂ ತಲುಪುತ್ತದೆ. ಆದರೆ ಎದುರಿನಲ್ಲಿ ಗೋಡೆಗಳೇ ಇಲ್ಲದ, ಒಂದೇ ಮೂಲೆಯಲ್ಲಿ ಕಟ್ಟಡವಿರುವ ಕೂಡುರಸ್ತೆಯಲ್ಲಿ ಆ ಸಹಾಯವೂ ಸಿಗುವುದಿಲ್ಲ.

ಅಡ್ಡಿಯೇ ಇಲ್ಲದ ನೇರ ರಸ್ತೆಯಲ್ಲೂ ಲೆಕ್ಕ ಸರಳವಾಗಿಲ್ಲ. ನೇರವಾಗಿ ಬರುವ ಅಲೆಯೊಂದಿಗೆ ರಸ್ತೆಯ ಮೇಲ್ಮೈಗೆ ಬಡಿದು ಬರುವ ಅಲೆಯೂ ಸೇರಿಕೊಳ್ಳುತ್ತದೆ, ಮತ್ತು ಆ ಬಡಿತದಲ್ಲಿ ಅದರ ಹಂತ (ಫೇಸ್) ತಿರುಗುಮುರುಗಾಗುತ್ತದೆ, ಅಂದರೆ ಅಲೆಯ ಉಬ್ಬು ತಗ್ಗಾಗುತ್ತದೆ. ಎರಡೂ ಆಂಟೆನಾಗಳು 1.5 ಮೀಟರ್ ಎತ್ತರದಲ್ಲಿದ್ದರೆ ಎರಡು ದಾರಿಗಳ ಉದ್ದದ ವ್ಯತ್ಯಾಸ ಸುಮಾರು 4.5 ಅನ್ನು ಕಾರುಗಳ ನಡುವಿನ ಅಂತರದಿಂದ (ಮೀಟರ್‌ಗಳಲ್ಲಿ) ಭಾಗಿಸಿದಷ್ಟು ಮೀಟರ್ ಆಗುತ್ತದೆ. ಈ ವ್ಯತ್ಯಾಸ ಸರಿಯಾಗಿ ಒಂದು ಅಲೆಯುದ್ದಕ್ಕೆ ಸಮವಾಗುವುದು ಸುಮಾರು 88 ಮೀಟರ್ ಅಂತರದಲ್ಲಿ, ಎರಡು ಅಲೆಯುದ್ದಕ್ಕೆ ಸಮವಾಗುವುದು ಸುಮಾರು 44 ಮೀಟರ್‌ನಲ್ಲಿ. ಅಲ್ಲೆಲ್ಲ ಎರಡು ಅಲೆಗಳು ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತವೆ. ಆದ್ದರಿಂದ 88 ಮೀಟರ್ ದೂರದ ಕಾರಿಗಿಂತ 150 ಮೀಟರ್ ದೂರದ ಕಾರಿನ ಸಿಗ್ನಲ್ಲೇ ಬಲವಾಗಿ ಕೇಳಿಸುವ ಸಂದರ್ಭಗಳುಂಟು. ನೀವು ಕೇಳಿದ ‘ನೂರು ಮೀಟರ್ ಅಂತರ’ ಅಷ್ಟು ನಿರುಪದ್ರವಿಯಾದ ಅಂತರವಲ್ಲ.

ಇನ್ನು ವೇಗ. ಪಠ್ಯಪುಸ್ತಕಗಳಲ್ಲಿ ಇಲ್ಲಿ ಡಾಪ್ಲರ್ ಪರಿಣಾಮವನ್ನು, ಅಂದರೆ ಚಲನೆಯಿಂದಾಗಿ ಅಲೆಯ ಆವರ್ತನ ಬದಲಾಗುವುದನ್ನು, ಮುಂದಿಡುತ್ತಾರೆ, ಆದರೆ ಅದನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಎದುರುಬದುರಾಗಿ ತಲಾ 100 ಕಿ.ಮೀ. ವೇಗದಲ್ಲಿ ಬರುವ ಎರಡು ಕಾರುಗಳ ಸಾಪೇಕ್ಷ ವೇಗ ಗಂಟೆಗೆ 200 ಕಿ.ಮೀ., ಎಂದರೆ ಸೆಕೆಂಡಿಗೆ ಸುಮಾರು 55.6 ಮೀಟರ್, 5.9 ಗಿಗಾಹರ್ಟ್ಸ್‌ನಲ್ಲಿ ಇದರಿಂದಾಗುವ ಆವರ್ತನದ ಪಲ್ಲಟ ಸುಮಾರು 1.1 ಕಿಲೋಹರ್ಟ್ಸ್. ವಾಹನಗಳಿಗಾಗಿ 2010ರಲ್ಲಿ ಅಂಗೀಕಾರವಾದ, ವೈ-ಫೈ ಕುಟುಂಬಕ್ಕೆ ಸೇರಿದ ಐಇಇಇ 802.11ಪಿ ಮಾನದಂಡದಲ್ಲಿ ಉಪವಾಹಕಗಳ (ಸಂದೇಶವನ್ನು ಹಂಚಿಕೊಂಡು ಹೊರುವ ಅಕ್ಕಪಕ್ಕದ ಆವರ್ತನಗಳ) ನಡುವಿನ ಅಂತರ 156.25 ಕಿಲೋಹರ್ಟ್ಸ್ ಇರುವುದರಿಂದ ಈ ಪಲ್ಲಟ ಅದರ ಶೇ 1ಕ್ಕೂ ಕಡಿಮೆ, ಅಷ್ಟರಿಂದ ನೇರ ಹಾನಿಯೇನಿಲ್ಲ. ಹಾನಿಯಾಗುವುದು ಬೇರೆ ರೀತಿಯಲ್ಲಿ. ಆ ಮಾನದಂಡದ ವಾಡಿಕೆಯ ದರವಾದ ಸೆಕೆಂಡಿಗೆ 6 ಮೆಗಾಬಿಟ್‌ನಲ್ಲಿ 300 ಬೈಟ್‌ಗಳ ಸಂದೇಶ ಕಳಿಸಲು 0.4 ಮಿಲಿಸೆಕೆಂಡ್ ಬೇಕು. ಅದರ ಮುಂಚೆ ಬರುವ ಪೀಠಿಕೆ ಮತ್ತು ಶಿರೋಭಾಗ 40 ಮೈಕ್ರೊಸೆಕೆಂಡ್. ಸ್ವೀಕರಿಸುವ ಯಂತ್ರವು ಚಾನೆಲ್, ಅಂದರೆ ಅಲೆ ಸಾಗಿಬರುವ ಮಾರ್ಗ, ಹೇಗಿದೆ ಎಂಬ ಅಂದಾಜನ್ನು ಮುಖ್ಯವಾಗಿ ಆ ಪೀಠಿಕೆಯಿಂದಲೇ ಮಾಡಿಕೊಂಡು, ಉಳಿದ ಭಾಗವನ್ನು ಆ ಅಂದಾಜಿನ ಆಧಾರದ ಮೇಲೆ ಬಿಡಿಸಿಕೊಳ್ಳುತ್ತದೆ. ಆದರೆ 0.4 ಮಿಲಿಸೆಕೆಂಡಿನಲ್ಲಿ ಕಾರುಗಳು ಒಂದಕ್ಕೊಂದು ಎರಡು ಸೆಂಟಿಮೀಟರಿಗೂ ಹೆಚ್ಚು ಹತ್ತಿರವಾಗಿರುತ್ತವೆ, ಅದು ಅರ್ಧ ಅಲೆಯುದ್ದಕ್ಕೆ ಸಮೀಪ. ಅಷ್ಟರಲ್ಲಿ ಪ್ರತಿಫಲಿತ ಅಲೆಗಳ ಕೂಡುವಿಕೆ ಬದಲಾಗಿ, ಪ್ಯಾಕೆಟ್ಟಿನ (ಒಮ್ಮೆಗೆ ಕಳಿಸುವ ಸಂದೇಶದ ಕಟ್ಟಿನ) ಆರಂಭದಲ್ಲಿ ಮಾಡಿದ ಅಂದಾಜು ಅದರ ಕೊನೆಯ ಭಾಗಕ್ಕೆ ಹೊಂದುವುದಿಲ್ಲ. ಪ್ಯಾಕೆಟ್ಟಿನುದ್ದಕ್ಕೂ ಸಾಗುವ ನಾಲ್ಕು ಪೈಲಟ್ ಉಪವಾಹಕಗಳು (ಮೊದಲೇ ಗೊತ್ತಿರುವ ಗುರುತನ್ನು ಹೊರುವವು) ಇದ್ದರೂ ಇಷ್ಟು ಬದಲಾವಣೆಯನ್ನು ಹಿಡಿಯಲು ಅವು ಸಾಲವು. 802.11ಪಿ ಎಂಬುದು ಮನೆ-ಕಚೇರಿಗಳ ವೈ-ಫೈಗಾಗಿ ರೂಪಿಸಿದ 802.11ಎ ಮಾನದಂಡವನ್ನು ಅರ್ಧ ಗಡಿಯಾರದ ವೇಗದಲ್ಲಿ ಓಡಿಸಿದ ರೂಪವಾದ್ದರಿಂದ ಈ ಕೊರತೆ ಅದಕ್ಕೆ ಹುಟ್ಟಿನಿಂದಲೇ ಬಂದಿದೆ. ಅದರ ಉತ್ತರಾಧಿಕಾರಿಯಾದ 802.11ಬಿಡಿ ಮಾನದಂಡದಲ್ಲಿ ಪ್ಯಾಕೆಟ್ಟಿನ ನಡುನಡುವೆ ಮತ್ತೆ ಅಂದಾಜು ಮಾಡಿಕೊಳ್ಳಲು ಮಧ್ಯಂತರ ಗುರುತುಗಳನ್ನು ಸೇರಿಸಿರುವುದು ಇದೇ ಕಾರಣಕ್ಕೆ.

ಆದರೂ ಇವೆಲ್ಲ ಎರಡೇ ಕಾರುಗಳ ಮಾತು. ನಿಜವಾದ ಬಿಗಿ ಶುರುವಾಗುವುದು ರಸ್ತೆಯಲ್ಲಿ ವಾಹನಗಳು ತುಂಬಿದಾಗ. ಎಂಟು ಪಥಗಳ ಹೆದ್ದಾರಿಯಲ್ಲಿ ಸಂಚಾರ ದಟ್ಟಣೆಯಾಗಿ ಪ್ರತಿ ಪಥದಲ್ಲೂ 20 ಮೀಟರಿಗೊಂದು ವಾಹನವಿದೆ, ಮತ್ತು ನಿಮ್ಮ ಕಾರಿಗೆ ಹಿಂದೆ ಮುಂದೆ ತಲಾ 300 ಮೀಟರ್‌ವರೆಗಿನ ವಾಹನಗಳ ಮಾತು ಕೇಳಿಸುತ್ತದೆ ಎಂದುಕೊಳ್ಳಿ. ಅಲ್ಲಿಗೆ 240 ವಾಹನಗಳಾದವು. ಒಂದೊಂದು ವಾಹನವೂ 0.44 ಮಿಲಿಸೆಕೆಂಡಿನ ಸಂದೇಶವನ್ನು ಸೆಕೆಂಡಿಗೆ ಹತ್ತು ಬಾರಿ ಕಳಿಸಿದರೆ ಒಟ್ಟು ಬೇಕಾಗುವ ಕಾಲ ಸುಮಾರು 1.06 ಸೆಕೆಂಡ್, ಇರುವುದು ಒಂದೇ ಸೆಕೆಂಡ್. ಸಂದೇಶಗಳ ನಡುವಿನ ವಿರಾಮವನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಯಜಮಾನನಿಲ್ಲದ ಜಾಲದಲ್ಲಿ ಸರದಿ ಹಂಚಿಕೊಳ್ಳುವ ವೈ-ಫೈ ಪದ್ಧತಿಯೆಂದರೆ, ಮೊದಲು ಆಲಿಸುವುದು, ಯಾರೂ ಮಾತಾಡದಿದ್ದರೆ ಕಳಿಸುವುದು, ಯಾರಾದರೂ ಮಾತಾಡುತ್ತಿದ್ದರೆ ಅವರು ಮುಗಿಸಿದ ಮೇಲೆ ಯಾದೃಚ್ಛಿಕವಾಗಿ ಕೆಲವು ಕ್ಷಣ ಕಾದು ಕಳಿಸುವುದು. ಸಾಮಾನ್ಯ ವೈ-ಫೈಯಲ್ಲಿ ಸ್ವೀಕೃತಿ ಬಾರದಿದ್ದರೆ ಎರಡು ಸಂದೇಶಗಳು ಡಿಕ್ಕಿಯಾಗಿವೆ ಎಂದು ಊಹಿಸಿ, ಕಾಯುವ ಅವಧಿಯ ಮಿತಿಯನ್ನು ಇಮ್ಮಡಿಗೊಳಿಸಲಾಗುತ್ತದೆ. ಎಲ್ಲರಿಗೂ ಸಾರುವ ಸಂದೇಶಕ್ಕೆ ಸ್ವೀಕೃತಿಯೇ ಇಲ್ಲವಾದ್ದರಿಂದ ಡಿಕ್ಕಿಯಾದದ್ದು ಕಳಿಸಿದವನಿಗೆ ಗೊತ್ತಾಗುವುದಿಲ್ಲ, ಮಿತಿ ಬೆಳೆಯುವುದೂ ಇಲ್ಲ. ಹೆಚ್ಚು ವಾಹನಗಳು ಕಾಯುತ್ತಿದ್ದಷ್ಟೂ ಎರಡು ವಾಹನಗಳು ಒಂದೇ ಅವಧಿಯನ್ನು ಆರಿಸಿಕೊಂಡು ಒಟ್ಟಿಗೆ ಮಾತಾಡುವ ಸಾಧ್ಯತೆ ಹೆಚ್ಚುತ್ತದೆ. ಇದರ ಜೊತೆಗೆ ಮರೆಯಲ್ಲಿರುವ ನೋಡ್‌ನ (ಜಾಲದ ಸದಸ್ಯನ) ಸಮಸ್ಯೆಯಿದೆ. ನಿಮ್ಮ ಮುಂದೆ 250 ಮೀಟರ್ ದೂರದಲ್ಲೊಂದು, ಹಿಂದೆ 250 ಮೀಟರ್ ದೂರದಲ್ಲೊಂದು ವಾಹನವಿದ್ದು, ಅವುಗಳಿಗೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸದಿದ್ದರೆ, ಎರಡೂ ಚಾನೆಲ್ ಖಾಲಿಯಿದೆ ಎಂದು ನಂಬಿ ಒಮ್ಮೆಗೇ ಕಳಿಸುತ್ತವೆ. ನಡುವಿನಲ್ಲಿರುವ ನಿಮಗೆ ಎರಡೂ ಕೆಡುತ್ತವೆ. ಮುಂಚಿತವಾಗಿ ಅನುಮತಿ ಕೇಳಿ ಕಳಿಸುವ ವೈ-ಫೈ ಉಪಾಯ ಸ್ವೀಕರಿಸುವವರು ಒಬ್ಬರೇ ಇದ್ದಾಗ ಮಾತ್ರ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ದಟ್ಟಣೆಗೆ ಪರಿಹಾರವಾಗಿ ಪ್ರತಿ ವಾಹನವೂ ಚಾನೆಲ್ ಎಷ್ಟು ಹೊತ್ತು ತುಂಬಿರುತ್ತದೆ ಎಂಬುದನ್ನು ಅಳೆಯುತ್ತ, ಅದು ಮಿತಿ ಮೀರಿದಾಗ ತನ್ನ ಸಂದೇಶಗಳ ಸಂಖ್ಯೆಯನ್ನೋ ಪ್ರಸಾರ ಶಕ್ತಿಯನ್ನೋ ತಗ್ಗಿಸಿಕೊಳ್ಳುವ ನಿಯಮಗಳಿವೆ. ಯುರೋಪಿನ ಮಾನದಂಡದಲ್ಲಿ ಇನ್ನೊಂದು ಜಾಣತನವಿದೆ: ವಾಹನ ನಾಲ್ಕು ಮೀಟರಿಗಿಂತ ಹೆಚ್ಚು ಸರಿದಾಗ, ವೇಗ ಸೆಕೆಂಡಿಗೆ ಅರ್ಧ ಮೀಟರಿಗಿಂತ ಹೆಚ್ಚು ಬದಲಾದಾಗ, ಅಥವಾ ದಿಕ್ಕು ನಾಲ್ಕು ಡಿಗ್ರಿಗಿಂತ ಹೆಚ್ಚು ತಿರುಗಿದಾಗ ಹೊಸ ಸಂದೇಶ ಹೊರಡುತ್ತದೆ; ಏನೂ ಬದಲಾಗದಿದ್ದರೆ ಸೆಕೆಂಡಿಗೆ ಒಂದು ಸಾಕು. ನಿಂತ ವಾಹನ ಸುಮ್ಮನೆ ಚಾನೆಲ್ ತುಂಬಿಸುವುದಿಲ್ಲ ಎಂಬುದು ಒಳ್ಳೆಯದೇ. ಆದರೆ ಇದಕ್ಕೂ ಬೆಲೆಯುಂಟು. ಮುಂದೆ ಯಾರೋ ಬ್ರೇಕ್ ಹಾಕಿದ ಕೂಡಲೇ ಹಿಂದಿನ ಹತ್ತಾರು ವಾಹನಗಳ ವೇಗವೂ ಬದಲಾಗಿ, ಎಲ್ಲವೂ ಒಂದೇ ಹೊತ್ತಿಗೆ ಮಾತಾಡಲು ಹೊರಡುತ್ತವೆ. ಚಾನೆಲ್ ಅತಿ ಹೆಚ್ಚು ತುಂಬುವುದು ಅಪಾಯದ ಆ ಗಳಿಗೆಯಲ್ಲೇ.

ನಿಮ್ಮ ಎರಡನೇ ಪ್ರಶ್ನೆಗೆ ಬರುವ ಮುನ್ನ ಒಂದು ಸ್ಪಷ್ಟನೆ ಬೇಕು. ‘5ಜಿ’ ಎಂದಾಗ ಹೆಚ್ಚಿನವರ ಮನಸ್ಸಿನಲ್ಲಿರುವುದು ಟವರ್ ಮೂಲಕ ಸಾಗುವ ಸಂವಹನ. ಅದರಲ್ಲಿ ವಿಳಂಬ ಕಡಿಮೆಯಾಗಿರುವುದು ನಿಜವಾದರೂ, ಟವರ್‌ನ ವ್ಯಾಪ್ತಿಯಿಲ್ಲದ ಕಡೆ ಅದು ಕೆಲಸಕ್ಕೆ ಬರುವುದಿಲ್ಲ, ಮತ್ತು ಬೇರೆ ಬೇರೆ ಕಂಪನಿಗಳ ಸಿಮ್ ಇರುವ ಎರಡು ಕಾರುಗಳ ನಡುವಿನ ಸಂದೇಶ ಎರಡು ಜಾಲಗಳನ್ನು ಸುತ್ತಿ ಬರಬೇಕಾಗುತ್ತದೆ. ಅದಕ್ಕಾಗಿಯೇ ಮೊಬೈಲ್ ಜಾಲಗಳ ಮಾನದಂಡ ರೂಪಿಸುವ 3ಜಿಪಿಪಿ ಸಂಸ್ಥೆ 2017ರಲ್ಲಿ ಮುಗಿಸಿದ 14ನೇ ಆವೃತ್ತಿಯಲ್ಲಿ, ಟವರ್ ಇಲ್ಲದೆಯೂ ವಾಹನಗಳು ನೇರವಾಗಿ ಮಾತಾಡುವ ಸೈಡ್‌ಲಿಂಕ್ ವಿಧಾನವನ್ನು ಎಲ್‌ಟಿಇಗೆ (4ಜಿಗೆ) ಸೇರಿಸಿತು. 2020ರ 16ನೇ ಆವೃತ್ತಿಯಲ್ಲಿ ಅದರ 5ಜಿ ರೂಪ ಬಂತು.

ಎಲ್‌ಟಿಇ ವಿಧಾನದಲ್ಲಿ ವಾಹನ ಹಿಂದಿನ ಒಂದು ಸೆಕೆಂಡಿನ ಚಾನೆಲ್ ಸ್ಥಿತಿಯನ್ನು ನೋಡಿ, ಕಡಿಮೆ ಬಳಕೆಯಲ್ಲಿರುವ ಶೇ 20ರಷ್ಟು ಜಾಗಗಳಲ್ಲಿ (ಕಾಲ ಮತ್ತು ಆವರ್ತನದ ತುಣುಕುಗಳಲ್ಲಿ) ಒಂದನ್ನು ಯಾದೃಚ್ಛಿಕವಾಗಿ ಆರಿಸಿಕೊಂಡು, ಮುಂದಿನ ಕೆಲವು ಸಂದೇಶಗಳಿಗೂ ಅದೇ ಜಾಗವನ್ನು ಕಾದಿರಿಸಿಕೊಳ್ಳುತ್ತದೆ. ಸಂದೇಶಗಳ ನಡುವೆ 100 ಮಿಲಿಸೆಕೆಂಡ್ ಅಂತರವಿದ್ದರೆ ಈ ಕಾಯ್ದಿರಿಸುವಿಕೆ 5ರಿಂದ 15 ಸಂದೇಶಗಳವರೆಗೆ ನಡೆಯುತ್ತದೆ, ಆಮೇಲೂ ಅದೇ ಜಾಗವನ್ನು ಉಳಿಸಿಕೊಳ್ಳುವ ಅವಕಾಶವಿದೆ. ಇದರಿಂದ ಚಾನೆಲ್ಲಿನ ಬಳಕೆ ಅಚ್ಚುಕಟ್ಟಾಗುತ್ತದೆ. ಆದರೆ ಎರಡು ವಾಹನಗಳು ಆಕಸ್ಮಿಕವಾಗಿ ಒಂದೇ ಜಾಗವನ್ನು ಆರಿಸಿಕೊಂಡರೆ ಸಂದೇಶಗಳ ಡಿಕ್ಕಿ ಒಂದು ಸಲಕ್ಕೆ ಮುಗಿಯದೆ, ಸಂದೇಶದ ಮೇಲೆ ಸಂದೇಶ ಕೆಡುತ್ತಲೇ ಹೋಗುತ್ತದೆ. ತಾನು ಕಳಿಸುತ್ತಿರುವಾಗ ಅದೇ ಚಾನೆಲ್ಲಿನಲ್ಲಿ ಬೇರೆಯವರನ್ನು ಆಲಿಸಲು ರೇಡಿಯೊಗೆ ಸಾಧ್ಯವಿಲ್ಲದ ಕಾರಣ ಆ ಎರಡು ವಾಹನಗಳಿಗೆ ಇದರ ಸುಳಿವೂ ಸಿಗುವುದಿಲ್ಲ. ಹದಿನೈದು ಸಂದೇಶಗಳೆಂದರೆ ಒಂದೂವರೆ ಸೆಕೆಂಡ್; 100 ಕಿ.ಮೀ. ವೇಗದಲ್ಲಿ ಅದು ಸುಮಾರು 42 ಮೀಟರ್ ರಸ್ತೆ. ಅಷ್ಟು ದೂರದವರೆಗೆ ಆ ವಾಹನ ಇತರರ ಪಾಲಿಗೆ ಇಲ್ಲವೇ ಇಲ್ಲ. ಆದ್ದರಿಂದ ‘ಶೇ 90ರಷ್ಟು ಸಂದೇಶಗಳು ತಲುಪಿದವು’ ಎಂಬ ಸರಾಸರಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹತ್ತರಲ್ಲಿ ಒಂದು ಸಂದೇಶ ಚದುರಿದಂತೆ ಕಳೆದುಹೋದರೆ ತೊಂದರೆಯಿಲ್ಲ. ನೂರರಲ್ಲಿ ಸಾಲಾಗಿ ಹತ್ತು ಕಳೆದುಹೋದರೂ ಸರಾಸರಿ ಅದೇ ಶೇ 90, ಪರಿಣಾಮ ಮಾತ್ರ ಬೇರೆ.

5ಜಿಯ ಸೈಡ್‌ಲಿಂಕ್‌ನಲ್ಲಿ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಕಳಿಸಿದ ಸಂದೇಶಕ್ಕೆ ಸ್ವೀಕೃತಿ ಪಡೆಯುವ ಸೌಲಭ್ಯ ಸೇರಿದೆ. ಸಾಲಾಗಿ ಒಂದರ ಹಿಂದೊಂದು ಅಂಟಿಕೊಂಡಂತೆ ಓಡುವ ಲಾರಿಗಳಿಗೆ ಇದು ದೊಡ್ಡ ಉಪಕಾರ, ಏಕೆಂದರೆ ಗುಂಪಿನಲ್ಲಿ ಯಾರಿದ್ದಾರೆಂದು ಅಲ್ಲಿ ಮೊದಲೇ ಗೊತ್ತು. ಎಲ್ಲರಿಗೂ ಸಾರುವ ಮೂಲಭೂತ ಸುರಕ್ಷಾ ಸಂದೇಶದ ಮಟ್ಟಿಗೆ ಸ್ವೀಕೃತಿಯಿಲ್ಲದ ಸ್ಥಿತಿ 5ಜಿಯಲ್ಲೂ ಹಾಗೆಯೇ ಇದೆ.

ಹಲವು ವಾಹನಗಳನ್ನು ದಾಟಿ ಸಂದೇಶ ಸಾಗಿಸುವ ದಾರಿ ಹುಡುಕುವಿಕೆಯ ಬಗ್ಗೆ ನೀವು ಪಠ್ಯದಲ್ಲಿ ಬಹಳ ಓದಿರುತ್ತೀರಿ. ಎದುರುಬದುರಾಗಿ ತಲಾ 100 ಕಿ.ಮೀ. ವೇಗದಲ್ಲಿ ಸಾಗುವ ಎರಡು ಕಾರುಗಳು 300 ಮೀಟರ್ ವ್ಯಾಪ್ತಿಯಲ್ಲಿ ಪರಸ್ಪರ ಸಂಪರ್ಕದಲ್ಲಿರುವುದು ಕೇವಲ 11 ಸೆಕೆಂಡ್. ಅಷ್ಟರಲ್ಲಿ ದಾರಿ ಹುಡುಕಿ, ಕೋಷ್ಟಕ ಕಟ್ಟಿ, ಬಳಸುವ ಹೊತ್ತಿಗೆ ಆ ದಾರಿಯೇ ಇರುವುದಿಲ್ಲ. ಕೇಳಿದವರೆಲ್ಲ ಮರುಪ್ರಸಾರ ಮಾಡಿದರೆ ಪ್ರಸಾರದ ಬಿರುಗಾಳಿ ಏಳುತ್ತದೆ, ವಾಹನಗಳು ವಿರಳವಾಗಿದ್ದರೆ ಮುಂದೆ ದಾಟಿಸಲು ಯಾರೂ ಸಿಗುವುದಿಲ್ಲ. ಕಳಿಸಿದವನಿಂದ ಹೆಚ್ಚು ದೂರವಿರುವ ವಾಹನ ಮೊದಲು ಮರುಪ್ರಸಾರ ಮಾಡಿ, ಅದನ್ನು ಕೇಳಿಸಿಕೊಂಡ ಉಳಿದವು ಸುಮ್ಮನಾಗುವ ವಿಧಾನ ಒಂದು ಮಟ್ಟಿಗೆ ಕೆಲಸ ಮಾಡುತ್ತದೆ. ಪ್ರಬಂಧಗಳಲ್ಲಿ ಈ ವಿಷಯಕ್ಕೆ ಸಿಕ್ಕಿರುವಷ್ಟು ಜಾಗ ರಸ್ತೆಗಿಳಿದ ವ್ಯವಸ್ಥೆಗಳಲ್ಲಿ ಸಿಕ್ಕಿಲ್ಲ. ಅಲ್ಲಿ ಬಳಕೆಯಲ್ಲಿರುವುದು ಬಹುಮಟ್ಟಿಗೆ ಒಂದೇ ಜಿಗಿತದ ಪ್ರಸಾರ, ಅಂದರೆ ಮರುಪ್ರಸಾರವಿಲ್ಲದೆ ನೇರವಾಗಿ ತಲುಪುವ ಸಂದೇಶ.

ಭದ್ರತೆಯ ವಿಚಾರಕ್ಕೆ ಹೆಚ್ಚು ಗಮನ ಸಲ್ಲಬೇಕು. ‘ಮುಂದೆ ಅಪಘಾತವಾಗಿದೆ’ ಎಂಬ ಸುಳ್ಳು ಸಂದೇಶವನ್ನು ಯಾರು ಬೇಕಾದರೂ ಸಾರುವಂತಿದ್ದರೆ ಇಡೀ ವ್ಯವಸ್ಥೆ ಅಪಾಯಕಾರಿಯಾಗುತ್ತದೆ. ಆದ್ದರಿಂದ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರುತ್ತದೆ. ವಾಡಿಕೆಯಲ್ಲಿರುವ 256 ಬಿಟ್‌ಗಳ, ದೀರ್ಘವೃತ್ತೀಯ ವಕ್ರರೇಖೆ (ಎಲಿಪ್ಟಿಕ್ ಕರ್ವ್) ಎಂಬ ಗಣಿತವನ್ನು ಆಧರಿಸಿದ ಸಹಿಯ ಗಾತ್ರವೇ 64 ಬೈಟ್, ಅದರ ಜೊತೆಗೆ ಸಹಿ ಯಾರದೆಂದು ಸಾಬೀತುಪಡಿಸುವ ಪ್ರಮಾಣಪತ್ರವೂ ಬೇಕು. ಪ್ರತಿ ಸಂದೇಶದಲ್ಲೂ ಪ್ರಮಾಣಪತ್ರ ಸೇರಿಸಿದರೆ ಚಾನೆಲ್ ಇನ್ನಷ್ಟು ತುಂಬುತ್ತದೆಂದು ಯುರೋಪಿನ ಪದ್ಧತಿಯಲ್ಲಿ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಅದನ್ನು ಸೇರಿಸಿ, ಉಳಿದ ಸಂದೇಶಗಳಲ್ಲಿ ಅದರ ಎಂಟು ಬೈಟ್‌ಗಳ ಸಂಕ್ಷಿಪ್ತ ಗುರುತನ್ನಷ್ಟೇ ಕಳಿಸುತ್ತಾರೆ. ಇದರ ಪರಿಣಾಮವನ್ನು ಗಮನಿಸಿ: ಮೂಲೆಯಿಂದ ಈಗಷ್ಟೇ ಹೊರಬಂದ ವಾಹನದ ಮೊದಲ ಸಂದೇಶಗಳು ನಿಮಗೆ ಸ್ಪಷ್ಟವಾಗಿ ತಲುಪಿದರೂ, ಪ್ರಮಾಣಪತ್ರ ಸಿಗುವವರೆಗೆ ಅವುಗಳನ್ನು ನಂಬುವಂತಿಲ್ಲ. ಹೊಸ ನೆರೆಯವರು ಕಂಡಾಗ ಪ್ರಮಾಣಪತ್ರವನ್ನು ಬೇಗ ಕಳಿಸುವ ನಿಯಮವಿದ್ದರೂ ಈ ಅಂತರ ಪೂರ್ತಿ ಮುಚ್ಚುವುದಿಲ್ಲ. ಸುತ್ತಲಿನ 200 ವಾಹನಗಳು ತಲಾ ಹತ್ತು ಸಂದೇಶ ಕಳಿಸಿದರೆ ಸೆಕೆಂಡಿಗೆ 2000 ಸಹಿಗಳನ್ನು ಪರಿಶೀಲಿಸುವ ಹೊರೆ ಬೇರೆ.

ಗೋಪ್ಯತೆಯ ಬೇಡಿಕೆ ಇದಕ್ಕೆ ತದ್ವಿರುದ್ಧವಾಗಿ ಎಳೆಯುತ್ತದೆ. ಒಂದೇ ಪ್ರಮಾಣಪತ್ರವನ್ನು ಸದಾ ಬಳಸಿದರೆ ರಸ್ತೆಬದಿಯಲ್ಲಿ ರೇಡಿಯೊ ಇಟ್ಟುಕೊಂಡ ಯಾರಾದರೂ ನಿಮ್ಮ ಓಡಾಟವನ್ನೆಲ್ಲ ದಾಖಲಿಸಬಹುದು. ಅದಕ್ಕಾಗಿ ವಾಹನಗಳಿಗೆ ಅಲ್ಪಾವಧಿಯ ಗುಪ್ತನಾಮದ ಪ್ರಮಾಣಪತ್ರಗಳನ್ನು ಕಟ್ಟಿನಷ್ಟು ಕೊಟ್ಟು ಆಗಾಗ ಬದಲಿಸಲಾಗುತ್ತದೆ. ಹೀಗೆ ಬದಲಾದ ಗಳಿಗೆಯಲ್ಲಿ ಹಿಂದಿನ ಕಾರಿನ ಗಣಕಕ್ಕೆ ಒಂದು ವಾಹನ ಮಾಯವಾಗಿ ಅಲ್ಲೇ ಇನ್ನೊಂದು ಹುಟ್ಟಿದಂತೆ ತೋರುತ್ತದೆ. ಇನ್ನೊಂದು ಮಾತು: ಸಹಿಯಿಂದ ಸಂದೇಶ ಯಾರದೆಂಬುದು ಖಾತ್ರಿಯಾಗುತ್ತದೆಯೇ ಹೊರತು ಅದು ನಿಜವೆಂಬುದಲ್ಲ. ಎತ್ತರದ ಕಟ್ಟಡಗಳ ನಡುವೆ ಉಪಗ್ರಹ ಸ್ಥಾನನಿರ್ಣಯ ಕೆಲವು ಮೀಟರ್ ತಪ್ಪಿದರೆ ಕಾರು ಪಕ್ಕದ ಪಥದಲ್ಲಿದೆ ಎಂದು ಪ್ರಾಮಾಣಿಕವಾಗಿ, ಸಹಿ ಸಮೇತ, ತಪ್ಪಾಗಿ ಸಾರುತ್ತದೆ. ಸೈಡ್‌ಲಿಂಕ್ ಪದ್ಧತಿಗಳಲ್ಲಿ ಟವರ್ ಇಲ್ಲದ ಕಡೆ ಕಾಲದ ಹೊಂದಾಣಿಕೆಗೂ ಮುಖ್ಯವಾಗಿ ಉಪಗ್ರಹಗಳೇ ಆಧಾರ ಎಂಬುದನ್ನು ಸುರಂಗಗಳ ಸಂದರ್ಭದಲ್ಲಿ ನೆನಪಿಡಬೇಕು.

ತಾಂತ್ರಿಕ ಸಮಸ್ಯೆಗಳಿಗಿಂತ ಹೆಚ್ಚು ಕಾಲ ತಿಂದಿರುವುದು ಒಪ್ಪಂದದ ಕೊರತೆ. ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿ 1999ರಲ್ಲಿ ವಾಹನಗಳ ನಡುವಿನ ಸಂವಹನಕ್ಕೆ 75 ಮೆಗಾಹರ್ಟ್ಸ್ ಮೀಸಲಿಟ್ಟಿತು. 2020ರಲ್ಲಿ ಅದರಲ್ಲಿ 45 ಮೆಗಾಹರ್ಟ್ಸ್ ಅನ್ನು ವೈ-ಫೈ ಮುಂತಾದ ಬಳಕೆಗೆ ಬಿಟ್ಟುಕೊಟ್ಟು, ಉಳಿದ 30 ಮೆಗಾಹರ್ಟ್ಸ್ ಅನ್ನು ಸೆಲ್ಯುಲರ್ ಆಧಾರಿತ (ಸೈಡ್‌ಲಿಂಕ್) ತಂತ್ರಜ್ಞಾನಕ್ಕೆ ಗೊತ್ತುಮಾಡಿತು. ಹೊಸ ಕಾರುಗಳಲ್ಲಿ ವಾಹನಗಳ ನಡುವೆ ಮಾತಾಡುವ ರೇಡಿಯೊವನ್ನು ಕಡ್ಡಾಯಗೊಳಿಸುವ ಪ್ರಸ್ತಾವ ಅಲ್ಲಿ 2017ರಲ್ಲಿ ಪ್ರಕಟವಾಗಿ, 2023ರಲ್ಲಿ ಹಿಂದಕ್ಕೆ ಹೋಯಿತು. ಯುರೋಪಿನಲ್ಲಿ ಎಂಟನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ 802.11ಪಿ ಆಧಾರಿತ ರೇಡಿಯೊದೊಂದಿಗೆ ಬಂತು. ಜಪಾನಿನಲ್ಲಿ 760 ಮೆಗಾಹರ್ಟ್ಸ್‌ನ ಬೇರೆಯೇ ವ್ಯವಸ್ಥೆಯಿದೆ. ಚೀನಾ ಸೆಲ್ಯುಲರ್ ದಾರಿ ಹಿಡಿಯಿತು. 802.11ಪಿ ರೇಡಿಯೊಗೆ ಎಲ್‌ಟಿಇ ಸೈಡ್‌ಲಿಂಕ್‌ನ ಮಾತು ಅರ್ಥವಾಗುವುದಿಲ್ಲ. ಮೇಲಾಗಿ, ಅಪಾಯದ ಎರಡೂ ವಾಹನಗಳಲ್ಲಿ ಉಪಕರಣವಿದ್ದರೆ ಮಾತ್ರ ಪ್ರಯೋಜನವಾದ್ದರಿಂದ, ಶೇ 10ರಷ್ಟು ವಾಹನಗಳಿಗೆ ಅಳವಡಿಸಿದಾಗ ಇಬ್ಬರೂ ಸಜ್ಜಾಗಿರುವ ಸಂದರ್ಭಗಳು ಶೇ 1 ಮಾತ್ರ. ಶೇ 70 ತಲುಪಿದಾಗಲೂ ಶೇ 49. ಆರಂಭದಲ್ಲಿ ಕೊಂಡವರಿಗೆ ಕೊಟ್ಟ ಹಣಕ್ಕೆ ಸಿಗುವ ಲಾಭ ತೀರ ಕಡಿಮೆ.

ಈ ವಿಷಯದಲ್ಲಿ ನೀವು ಪ್ರಾಜೆಕ್ಟ್ ಮಾಡುವುದಾದರೆ, ಸಂಚಾರದ ಅನುಕರಣೆಗೆ ಸುಮೊ, ಜಾಲದ ಅನುಕರಣೆಗೆ ಒಎಂನೆಟ್++ ಜೊತೆ ವೇಯ್ನ್ಸ್ ಅಥವಾ ಎನ್‌ಎಸ್-3 ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಹೊಸ ದಾರಿ ಹುಡುಕುವ ವಿಧಾನವೊಂದನ್ನು ಸೇರಿಸಿ ಸರಾಸರಿ ತಲುಪುವಿಕೆಯ ನಕ್ಷೆ ಬರೆಯುವುದಕ್ಕಿಂತ, ಒಂದು ವಾಹನದಿಂದ ಬಂದ ಎರಡು ಯಶಸ್ವಿ ಸಂದೇಶಗಳ ನಡುವಿನ ಅಂತರ ಅರ್ಧ ಸೆಕೆಂಡ್, ಒಂದು ಸೆಕೆಂಡ್, ಎರಡು ಸೆಕೆಂಡ್ ಮೀರಿದ್ದು ಎಷ್ಟು ಬಾರಿ ಎಂದು ಅಳೆಯಿರಿ. ಮೊದಲು ಅಡ್ಡಿಯಿಲ್ಲದ ರಸ್ತೆಯ ಮಾದರಿಯಲ್ಲಿ ಅಳೆದು, ಆಮೇಲೆ ಐದು ವಾಹನಗಳಿಗೊಂದು ಲಾರಿಯನ್ನು ಅಡ್ಡಿಯಾಗಿ ಸೇರಿಸಿ ಅದೇ ಅಳತೆಯನ್ನು ಮತ್ತೆ ತೆಗೆದುಕೊಂಡರೆ, ಎರಡು ಫಲಿತಾಂಶಗಳ ವ್ಯತ್ಯಾಸದಲ್ಲೇ ನಿಮ್ಮ ವರದಿಗೆ ಬೇಕಾದ ಮುಖ್ಯ ಅಧ್ಯಾಯ ಸಿಗುತ್ತದೆ.